ಅತ್ತೆ ಮರದ ಅಣಬೆ

ಆಕೆಗೆ ಹೆದರಲು ಕಾರಣ ಬೇಕಿರಲಿಲ್ಲ, ಬಿಡುವು ಸಿಕ್ಕರೆ ಸಾಕಿತ್ತು. ಮನೆಗೆ ಬೀಗ ಹಾಕಿ ಬೀದಿಯ ತಿರುವಿನವರೆಗೆ ಹೋದವಳು ವಾಪಸ್ಸು ಬಂದು ಬೀಗ ಜಗ್ಗಿ ನೋಡುವಳು. ಜಗ್ಗಿದ್ದು ಇವತ್ತೋ ನಿನ್ನೆಯೋ ಎಂಬ ಅನುಮಾನ ಬಂದು ಮತ್ತೆ ತಿರುಗುವಳು. ಗ್ಯಾಸ್ ಒಲೆಯ ಗುಂಡಿ ಮುಟ್ಟಿ ನೋಡಿದರೆ ಸಾಲದು, "ಆಫ್ ಆಗಿದೆ" ಎಂದು ಬಾಯಿಬಿಟ್ಟು ಹೇಳಿಕೊಂಡರೇ ಸಮಾಧಾನ. ಫೋನು ಬಂದರೆ ಯಾರಿಗೇನಾಯಿತೋ ಎಂದು ಹೆದರಿಕೆ, ಬರದಿದ್ದರೆ ಯಾರಿಗೇನಾಗಿ ಬರುತ್ತಿಲ್ಲವೋ ಎಂದು ಹೆದರಿಕೆ. ಯಾರು ಎಲ್ಲಿಗೆ ಹೊರಟರೂ "ಜೋಪಾನ" ಎನ್ನುವುದು ಅವಳ ಅಭ್ಯಾಸ. ಬಚ್ಚಲಿಗೆ ಹೊರಟ ಗಂಡನಿಗೂ ಹಾಗೆ ಹೇಳಿದ್ದನ್ನು ಪಕ್ಕದ ಮನೆಯವರು ಕೇಳಿಸಿಕೊಂಡ ಮೇಲೆ ಬೀದಿಗೆಲ್ಲ ಅವಳು ಜೋಪಾನಮ್ಮನಾದಳು. ನಿಜವಾದ ಹೆಸರು ಕಾರ್ಖಾನೆಯ ಗುರುತಿನ ಚೀಟಿಯಲ್ಲಿತ್ತು. ಅಲ್ಲಿಂದ ಆಚೆ ಬರಲಿಲ್ಲ.

ಸ್ವಭಾವಕ್ಕೆ ತಕ್ಕ ಕೆಲಸವೇ ಸಿಕ್ಕಿತ್ತು ಅನ್ನಿ. ಬಟ್ಟೆ ಕಾರ್ಖಾನೆಯಲ್ಲಿ ಆಕೆ ಚೆಕ್ಕರ್. ಹೊಲಿದು ಬಂದ ಅಂಗಿಗಳನ್ನು ಉದ್ದನೆಯ ಮೇಜಿನ ಮೇಲೆ ಹರವಿ, ಕಾಲರಿನಿಂದ ಶುರುಮಾಡಿ ತೋಳಿನ ಕಫಿನವರೆಗೆ ಬೆರಳಾಡಿಸಿ, ಬಿಟ್ಟ ಹೊಲಿಗೆ, ಓರೆಯಾದ ಗುಂಡಿ, ಎಣ್ಣೆಯ ಚುಕ್ಕೆ ಇದ್ದಲ್ಲಿ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸಬೇಕು. ಅನುಮಾನವೇ ಅಲ್ಲಿ ಅರ್ಹತೆ. ಉಳಿದವರ ಕಣ್ಣಿಗೆ ಅಂಗಿ ಕಂಡರೆ ಇವಳ ಕಣ್ಣಿಗೆ ತಪ್ಪೇ ಕಾಣುತ್ತಿತ್ತು. ಹೊಲಿಗೆಯವರು ಬೆನ್ನ ಹಿಂದೆ ಶಾಪ ಹಾಕುವರು, ಸೂಪರ್‌ವೈಸರಮ್ಮ ಮಾತ್ರ ಇವಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿಕೊಂಡಿದ್ದರು.

ಇನ್ನು ಮನೆಯಲ್ಲಿ ಇದಕ್ಕೆ ತದ್ವಿರುದ್ಧವಾದ ಒಂದು ಜೀವ ಇತ್ತು. ಅದು ಅತ್ತೆ. ಮೂವತ್ತು ವರ್ಷ ಮಾರುಕಟ್ಟೆಯಲ್ಲಿ ಮೀನು ಕತ್ತರಿಸಿ ಮಾರಿದ ಹೆಂಗಸು. ಕುಡಿದು ಬಂದು ರೇಗಾಡಿದ ಗಿರಾಕಿಯನ್ನು ಮೀನಿನ ಬಾಲ ತೋರಿಸಿಯೇ ಓಡಿಸಿದ್ದ ಗಟ್ಟಿಗಿತ್ತಿ. ಈಗ ಕಣ್ಣಿಗೆ ಪೊರೆ ಬಂದು ಮನೆಯಲ್ಲಿ ಕೂತಿದ್ದರೂ ಗಂಟಲು ಮಾತ್ರ ಮಾರುಕಟ್ಟೆಯಲ್ಲೇ ಇತ್ತು. ಸೊಸೆಯ ಹೆದರಿಕೆ ಅವರಿಗೆ ದಿನದ ಮನರಂಜನೆ. "ಇವತ್ತು ಏನು ಬೀಳುತ್ತಂತೆ, ಆಕಾಶವೋ ಚಾವಣಿಯೋ?" ಎಂದು ಬೆಳಿಗ್ಗೆಯೇ ಕೇಳಿ, ಅದಕ್ಕೆ ತಕ್ಕಂತೆ ಕೂರುವ ಜಾಗ ಆರಿಸಿಕೊಳ್ಳುತ್ತಿದ್ದರು. ಗಂಡ ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ರಾತ್ರಿ ಪಾಳಿಯವನು, ಹಗಲು ಮಲಗುವವನು. ಅತ್ತೆಸೊಸೆಯರ ಮಾತು ಅವನಿಗೆ ನಿದ್ದೆಯಲ್ಲಿ ಕೇಳುವ ರೇಡಿಯೋ.

ಇಂಥ ಪುಕ್ಕಲಿ ಅಣಬೆ ಬೆಳೆಯಲು ಹೊರಟಳು ಎಂದರೆ ನಗು ಬರುತ್ತದೆ. ಆದರೆ ಹೊರಟಿದ್ದು ಹೆದರಿಕೆಯಿಂದಲೇ. ಅತ್ತೆಗೆ ಅಣಬೆ ಎಂದರೆ ಪ್ರಾಣ. ಬೀದಿ ಬದಿ ಯಾರೋ ಕುಕ್ಕೆಯಲ್ಲಿಟ್ಟು ಮಾರುತ್ತಿದ್ದ ಕಾಡು ಅಣಬೆಯನ್ನು ಕೊಂಡು ತಂದುಬಿಡುತ್ತಿದ್ದರು. ಸೊಸೆ ಅದನ್ನು ಕಂಡ ದಿನ ಒಲೆ ಹಚ್ಚುತ್ತಿರಲಿಲ್ಲ. ಯಾವ ಬುಡದಲ್ಲಿ ಹುಟ್ಟಿದ್ದೋ, ಯಾರು ಕಿತ್ತದ್ದೋ, ಯಾವುದರ ಜೊತೆ ಯಾವುದು ಬೆರೆತಿದೆಯೋ! ಆಗ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದ ಗೆಳತಿಯೊಬ್ಬಳು, ಮರದ ದಿಮ್ಮಿಯಲ್ಲಿ ಮನೆಯಲ್ಲೇ ಬೆಳೆಯಬಹುದು ಎಂದು ಹೇಳಿ, ಅಣಬೆ ಬೀಜ ಹತ್ತಿಸಿದ ಪುಟ್ಟ ಪುಟ್ಟ ಮರದ ಬೆಣೆಗಳ ಪೊಟ್ಟಣ ತರಿಸಿಕೊಟ್ಟಳು. ತಾನೇ ಬಿತ್ತುವುದು, ತಾನೇ ಕೀಳುವುದು. ಗೊತ್ತಿಲ್ಲದ್ದು ನಡುವೆ ನುಸುಳಲು ದಾರಿಯೇ ಇಲ್ಲ ಎಂದು ಜೋಪಾನಮ್ಮನಿಗೆ ಅನ್ನಿಸಿತು.

ದಿಮ್ಮಿಯೂ ತಾನಾಗಿ ಒದಗಿತು. ಮನೆಯ ಮುಂದೆ ಅತ್ತೆ ಮದುವೆಯಾಗಿ ಬಂದ ಹೊಸತರಲ್ಲಿ ನೆಟ್ಟ ಮರ ವಿದ್ಯುತ್ ತಂತಿಗೆ ತಾಗುತ್ತದೆಂದು ಕಡಿಯಲು ಬಂದಿದ್ದರು. ಅದರ ಮೂರು ತುಂಡುಗಳನ್ನು ಆಕೆ ಹಿತ್ತಲಿಗೆ ಉರುಳಿಸಿಕೊಂಡಳು. ಬಾಡಿಗೆಗೆ ತಂದ ಡ್ರಿಲ್ಲಿಂಗ್ ಮೆಷಿನ್ನಿನಲ್ಲಿ ಗಂಡ ಸಾಲಾಗಿ ತೂತು ಕೊರೆದ. ಆಕೆ ಒಂದೊಂದು ತೂತಿಗೆ ಒಂದೊಂದು ಬೆಣೆ ಇಟ್ಟು, ಸುತ್ತಿಗೆಯಿಂದ ಮೆಲ್ಲಗೆ ಬಡಿದು, ಮೇಲೆ ಕರಗಿಸಿದ ಮೇಣ ಸವರಿದಳು. ಮೇಣ ಸಿಡಿದೀತೆಂದು ಕನ್ನಡಕ, ಕೈಗವಸು, ತಲೆಗೆ ಟವೆಲು. "ಅಣಬೆ ಬೆಳೀತಿದಾಳೋ ಬಾಂಬ್ ಮಾಡ್ತಿದಾಳೋ" ಎಂದರು ಅತ್ತೆ. ಆಮೇಲೆ ನೆರಳಿನಲ್ಲಿ ಒರಗಿಸಿಟ್ಟು, ನೀರು ಚಿಮುಕಿಸುತ್ತ, ಕಾಯುವುದು. ವರ್ಷ ಕಳೆಯುವ ಹೊತ್ತಿಗೆ ದಿಮ್ಮಿಯ ತುದಿಗಳಲ್ಲಿ ಬಿಳಿ ಮಬ್ಬು ಕಾಣಿಸಿತು. ಡ್ರಮ್ಮಿನ ನೀರಿನಲ್ಲಿ ಒಂದು ದಿನ ನೆನೆಸಿ ಮೇಲೆತ್ತಿ ನಿಲ್ಲಿಸಿದಳು. ಕೆಲವೇ ದಿನದಲ್ಲಿ ತೊಗಟೆ ಸೀಳಿಕೊಂಡು ಕಂದು ಬಣ್ಣದ ದಪ್ಪ ತಲೆಗಳು ಹೊರಬಂದವು. ಆವತ್ತು ಜೋಪಾನಮ್ಮ ಹೆದರುವುದನ್ನೇ ಮರೆತಳು. ಅತ್ತೆ ಎರಡು ಸಲ ಬಡಿಸಿಕೊಂಡರು. ಗಂಡ ಒಂದು ಚೂರು ಬಾಯಿಗೆ ಹಾಕಿ, "ಹವಾಯಿ ಚಪ್ಪಲಿ ಬೇಯಿಸಿದ ಹಾಗಿದೆ" ಎಂದವನು ಮತ್ತೆ ಎಂದೂ ಮುಟ್ಟಲಿಲ್ಲ.

ನಾಲ್ಕನೆಯ ದಿಮ್ಮಿಯೇ ತೊಂದರೆಯದು. ಹಿಂದಿನ ವರ್ಷ ಆಕೆಯ ತಾಯಿ ತೀರಿಕೊಂಡಿದ್ದಳು. ತಾಯಿಯ ಮನೆಯಂಗಳದಲ್ಲಿ ಒಂದು ಮರ ಇತ್ತು. ಅದರ ಬುಡದ ಕಲ್ಲಿನ ಮೇಲೆ ಕೂತೇ ತಾಯಿ ಅವಳ ತಲೆ ಬಾಚುತ್ತಿದ್ದದ್ದು. ತಮ್ಮ ಅದನ್ನು ಕಡಿಸಿ ಅಲ್ಲೊಂದು ಕೋಣೆ ಎಬ್ಬಿಸಿದ. ಆಕೆ ಹೋಗುವ ಹೊತ್ತಿಗೆ ಒಂದೇ ಒಂದು ತುಂಡು ಗೋಡೆಯ ಮಗ್ಗುಲಲ್ಲಿ ತಿಂಗಳುಗಟ್ಟಲೆ ನೆಲಕ್ಕೆ ಬಿದ್ದುಕೊಂಡಿತ್ತು. ಹಾಗೆ ಬಿದ್ದ ಮರ ಬಿತ್ತನೆಗೆ ಆಗದು, ತಾಜಾ ಕಡಿದದ್ದೇ ಬೇಕು ಎಂದು ಆಕೆಗೆ ಗೊತ್ತಿತ್ತು. ಗೊತ್ತಿದ್ದೂ ತಂದಳು. ಬೆಣೆ ಹೊಡೆದಳು, ಮೇಣ ಹಚ್ಚಿದಳು. ಆದರೆ ಆ ದಿಮ್ಮಿಗೆ ಬೇರೆ ಯಾರೋ ಮೊದಲೇ ಬಾಡಿಗೆಗೆ ಬಂದುಬಿಟ್ಟಿದ್ದರು. ಮೇಲೆದ್ದದ್ದು ಇವಳು ಬಿತ್ತಿದ ಅಣಬೆಯಲ್ಲ. ಸಣ್ಣ ಸಣ್ಣ ತಲೆಯ, ಜೇನಿನ ಬಣ್ಣದ, ಮೈಯೆಲ್ಲ ಲೋಳೆಯಂತಿದ್ದ ಗೊಂಚಲು. ಏನೆಂದು ಗೊತ್ತಿಲ್ಲದ್ದು. ನಿನ್ನೆಯ ಬ್ರೆಡ್ಡನ್ನು ಇವತ್ತು ಮೂಸಿ ಎಸೆಯುವ ಹೆಂಗಸು ಅದನ್ನು ಆ ಕ್ಷಣವೇ ಎಸೆಯಬೇಕಿತ್ತು. ಎಸೆಯಲಿಲ್ಲ. ಅತ್ತೆಯೇ, "ಅಮ್ಮನ ನೆನಪು, ಇರ್ಲಿ ಬಿಡೇ, ಅದೇನು ನಿನ್ನನ್ನ ಕಚ್ಚುತ್ತಾ?" ಎಂದಿದ್ದರು. ಅದನ್ನು ಡ್ರಮ್ಮಿನ ಆಚೆ ಒಂಟಿಯಾಗಿ ಇಟ್ಟು, ಗೊಂಚಲು ಎದ್ದಾಗಲೆಲ್ಲ ಕಿತ್ತು ಮಣ್ಣಿನಲ್ಲಿ ಹೂಳುತ್ತಿದ್ದಳು.

ಆವತ್ತು ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಹಿತ್ತಲಿಗೆ ಹೋಗಿ ನೋಡಿದಾಗ ದಿಮ್ಮಿಗಳು ಒಳ್ಳೆಯ ಫಸಲು ಬಿಟ್ಟಿದ್ದವು. ಡ್ರಮ್ಮಿನಾಚೆಯ ತುಂಡಿನಲ್ಲೂ ಗೊಂಚಲು ಎದ್ದಿತ್ತು. ಸಂಜೆ ಬಂದು ಒಳ್ಳೆಯದನ್ನು ಕಿತ್ತು ಕೆಟ್ಟದ್ದನ್ನು ಹೂತರಾಯಿತು ಎಂದುಕೊಂಡು ಬಸ್ಸಿಗೆ ಓಡಿದಳು. ಕಾರ್ಖಾನೆಯ ಗೇಟಿಗೆ ಬರುವಷ್ಟರಲ್ಲಿ ಬಿಸಿಲು ಏರುತ್ತಿತ್ತು. ಈ ಬಿಸಿಲಿಗೆ ಸಂಜೆಯ ತನಕ ಇಟ್ಟರೆ ಅಣಬೆ ಛತ್ರಿಯಂತೆ ಬಿಚ್ಚಿಕೊಂಡು ತೆಳ್ಳಗಾಗುತ್ತದೆ, ಅತ್ತೆ ಗೊಣಗುತ್ತಾರೆ. ಒಳಗೆ ಹೋಗುವವರು ಫೋನನ್ನು ಗೇಟಿನಲ್ಲೇ ಒಪ್ಪಿಸಬೇಕು. ಕಾವಲಿನವನು ಟ್ರೇ ಚಾಚಿ ನಿಂತಿದ್ದ, ಹಿಂದಿನ ಸಾಲಿನವರು ನೂಕುತ್ತಿದ್ದರು. ಆಕೆ ಅವಸರವಸರವಾಗಿ ಗಂಡನಿಗೆ ಫೋನು ಹಚ್ಚಿದಳು. ಪಾಳಿ ಮುಗಿಸಿ ಬಂದು ಆಗತಾನೇ ಕಣ್ಣು ಮುಚ್ಚಿದ್ದವನು ಎತ್ತಿಕೊಂಡ.

"ರೀ, ಅಣಬೆ ಇವತ್ತೇ ಕೀಳ್ಬೇಕು. ಅತ್ತೆ ಮರದ್ದು ಮಾತ್ರ ಕಿತ್ತು ಹುರಿದುಕೊಡಿ. ಅಮ್ಮನ ಮರದ್ದು ಮುಟ್ಟಬೇಡಿ."

"ಹ್ಞೂಂ."

"ಹ್ಞೂಂ ಅಂದ್ರೆ ಆಗಲ್ಲ. ನಾನೇನು ಹೇಳಿದೆ, ಹೇಳಿ ನೋಡೋಣ."

"ಅತ್ತೆ ಮರದ್ದು ಕೀಳ್ಬೇಕು, ಅಮ್ಮನ ಮರದ್ದು ಮುಟ್ಟಬಾರದು. ಸಾಕಾ? ಮಲಗ್ಲಾ?"

ಒಂದಕ್ಷರ ತಪ್ಪಿಲ್ಲದೆ ಒಪ್ಪಿಸಿದ. ಆಕೆ ನಿಶ್ಚಿಂತೆಯಿಂದ ಫೋನನ್ನು ಟ್ರೇಗೆ ಹಾಕಿ ಒಳಗೆ ಹೋದಳು. ಅವಳ ಇಡೀ ಬದುಕಿನಲ್ಲಿ ಅಷ್ಟು ನಿಶ್ಚಿಂತೆಯಾಗಿದ್ದ ಬೆಳಗು ಇನ್ನೊಂದಿರಲಿಲ್ಲವೇನೋ.

ಮಧ್ಯಾಹ್ನದ ಬಿಡುವು ಮುಗಿದು ಎಲ್ಲರೂ ಮೇಜಿಗೆ ಮರಳಿದ್ದರು. ಪಕ್ಕದ ಮೇಜಿನ ಹುಡುಗಿ ಗುಂಡಿ ಎಣಿಸುತ್ತ, "ಸಂಜೆ ಬೇಗ ಹೋಗ್ಬೇಕಕ್ಕಾ, ಮನೇಲಿ ಅತ್ತೆ ಬಂದಿದ್ದಾರೆ" ಎಂದಳು.

"ಯಾವ ಅತ್ತೆ? ನಿನ್ನ ಗಂಡನ ಅಮ್ಮನಾ?" ಆಚೆಯವಳು ಕೇಳಿದಳು.

"ಅಯ್ಯೋ, ಅವ್ರು ಮನೇಲೇ ಇರ್ತಾರಲ್ಲ. ಇವ್ರು ನಮ್ಮಪ್ಪನ ತಂಗಿ. ಅತ್ತೆ ಅಂದ್ರೆ ಒಬ್ರೇನಾ? ನಮ್ಮನೇಲಿ ನಮ್ಮೆಜಮಾನ್ರು ಅತ್ತೇ ಅಂತ ಕರೆದ್ರೆ ನಮ್ಮಮ್ಮ ಓಗೊಡ್ತಾಳೆ, ನಾನು ಕರೆದ್ರೆ ಅವ್ರಮ್ಮ ಓಗೊಡ್ತಾರೆ."

ಸುತ್ತ ಇದ್ದವರು ನಕ್ಕರು. ಜೋಪಾನಮ್ಮನೂ ನಗಲು ಬಾಯಿ ತೆರೆದಳು. ಕಾಲರಿನ ಮೇಲಿದ್ದ ಬೆರಳು ಅಲ್ಲೇ ನಿಂತಿತು.

ಅತ್ತೆ ಮರದ್ದು ಕೀಳ್ಬೇಕು, ಅಮ್ಮನ ಮರದ್ದು ಮುಟ್ಟಬಾರದು. ಯಾರ ಅತ್ತೆ? ಯಾರ ಅಮ್ಮ? ಆಕೆಗೆ ಅತ್ತೆ ಎಂದರೆ ಅವನ ಅಮ್ಮ. ಅವನಿಗೆ ಅಮ್ಮ ಎಂದರೂ ಅವರೇ. ಅವನಿಗೆ ಅತ್ತೆ ಎಂದರೆ ಇವಳ ಅಮ್ಮ, ಕಳೆದ ವರ್ಷ ತೀರಿಕೊಂಡವಳು, ಡ್ರಮ್ಮಿನ ಆಚೆ ಇರುವವಳು. ಯಾವಾಗಲೂ "ನಿಮ್ಮಮ್ಮನ ಮರ", "ನಮ್ಮಮ್ಮನ ಮರ" ಎಂದು ಬಿಡಿಸಿ ಹೇಳುತ್ತಿದ್ದಳು. ಇವತ್ತು ಅವಸರದಲ್ಲಿ ತನ್ನ ಮನಸ್ಸಿನೊಳಗಿನ ಹೆಸರನ್ನೇ ಹೇಳಿಬಿಟ್ಟಿದ್ದಳು. ಅವನು ಹೇಳಿದ್ದನ್ನೇ ತಿರುಗಿಸಿ ಹೇಳಿದ್ದ. ಅಕ್ಷರ ತಪ್ಪಿರಲಿಲ್ಲ. ಅರ್ಥವೇ ತಲೆಕೆಳಗಾಗಿತ್ತು.

ಅಂಗಿಯನ್ನು ಅಲ್ಲೇ ಬಿಟ್ಟು ಸೂಪರ್‌ವೈಸರಮ್ಮನ ಬಳಿಗೆ ಓಡಿದಳು. "ಮನೆಗೆ ಹೋಗ್ಬೇಕು, ಅಣಬೆ, ಅತ್ತೆ..." ಎಂದಷ್ಟೇ ಹೇಳಿದಳು. ಸೂಪರ್‌ವೈಸರಮ್ಮ ಅವಳ ಮುಖ ನೋಡಿದರು. ಅವಳು ಹೆದರಿದ್ದನ್ನು ಅವರು ನೂರು ಸಲ ಕಂಡಿದ್ದರು, ಇದು ಆ ಬಗೆಯದಲ್ಲ ಎಂದು ಅವರಿಗೂ ಅನ್ನಿಸಿರಬೇಕು. ಒಂದು ಮಾತೂ ಕೇಳದೆ ಗೇಟ್ ಪಾಸಿಗೆ ಸಹಿ ಹಾಕಿಕೊಟ್ಟರು.

ಗೇಟಿನಲ್ಲಿ ಫೋನು ಕೈಗೆ ಬಂದ ಕೂಡಲೇ ಗಂಡನಿಗೆ ಹಚ್ಚಿದಳು. ಹೊಡೆದುಕೊಂಡಿತು, ನಿಂತಿತು. ಮತ್ತೆ ಹಚ್ಚಿದಳು. ಅವನು ಮಲಗಿದ್ದಾನೆ, ಫೋನು ಗೂಟಕ್ಕೆ ನೇತುಹಾಕಿದ ಅಂಗಿಯ ಜೇಬಿನಲ್ಲಿದೆ. ಇದು ಗೊತ್ತಿರುವ ಸಂಗತಿ. ಆದರೂ ಬೆರಳು ನಿಲ್ಲಲಿಲ್ಲ. ಅತ್ತೆಗೆ ಸ್ವಂತ ಫೋನಿರಲಿಲ್ಲ. "ಅದೊಂದು ಮೂಗುದಾರ" ಎಂದು ಬೇಡವೆಂದಿದ್ದರು. ಬಸ್ಸಿಗೆ ಕಾಯುವಷ್ಟು ತಾಳ್ಮೆಯಿಲ್ಲದೆ ಆಟೋ ಹತ್ತಿದಳು. ದಾರಿಯಲ್ಲಿ ಸಿಗ್ನಲ್ ಕೆಂಪಾದಾಗಲೆಲ್ಲ ಮತ್ತೆ ಫೋನು ಹಚ್ಚುತ್ತಿದ್ದಳು. ಬದುಕೆಲ್ಲ ಸುಮ್ಮಸುಮ್ಮನೆ ಹೆದರಿದವಳಿಗೆ ನಿಜವಾದ ಹೆದರಿಕೆ ಬಂದಾಗ ಗುರುತೇ ಸಿಗಲಿಲ್ಲ. ಬೀಗದ ಹೆದರಿಕೆ, ಗ್ಯಾಸಿನ ಹೆದರಿಕೆ ತಲೆಯಲ್ಲಿ ಗಿಜಿಗುಡುವಂಥವು. ಇದು ಹೊಟ್ಟೆಯೊಳಗೆ ಕಲ್ಲಿನ ಹಾಗೆ ಕೂತಿತ್ತು, ಸದ್ದೇ ಇರಲಿಲ್ಲ. ದೇವರೇ, ಅವರು ಹುರಿದಿರದಿರಲಿ. ಹುರಿದಿದ್ದರೂ ತಿಂದಿರದಿರಲಿ. ತಿಂದಿದ್ದರೂ ಸ್ವಲ್ಪವೇ ತಿಂದಿರಲಿ. ಕೇಳಿಕೊಳ್ಳುವುದನ್ನು ಆಕೆ ಹೀಗೆ ತಾನೇ ಇಳಿಸುತ್ತಾ ಹೋದಳು.

ಅತ್ತೆ ಬಾಗಿಲ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಿದ್ದರು. ಹೆಜ್ಜೆಯ ಸದ್ದಿನಲ್ಲೇ ಗುರುತು ಹಿಡಿದರು.

"ಏನೇ, ಇಷ್ಟು ಬೇಗ? ಕಾರ್ಖಾನೆ ಮುಚ್ಚಿಬಿಟ್ರಾ?"

"ಅತ್ತೆ, ಅಣಬೆ ತಿಂದ್ರಾ?"

"ತಿಂದೆ. ನಿನ್ನ ಗಂಡ ಈರುಳ್ಳಿ ಹಾಕಿ ಹುರಿದುಕೊಟ್ಟ. ಅವನ ಕೈಯಡುಗೆ ನಿಂಗೊತ್ತಲ್ಲ, ಉಪ್ಪು ಕಮ್ಮಿ. ಈ ಸಲದ್ದು ಸ್ವಲ್ಪ ಲೋಳೆಲೋಳೆ ಇತ್ತು. ಆದ್ರೂ ಬಿಡ್ಲಿಲ್ಲ, ಪೂರ್ತಿ ತಿಂದೆ."

"ಪೂರ್ತಿ?"

"ಮತ್ತೆ? ನಿಮ್ಮಮ್ಮನ ಮರ ಕೊನೆಗೂ ಕೊಡ್ತಲ್ಲ ಅಂತ ಖುಷಿಯಾಯ್ತು ಕಣೇ. ಅವಳಮ್ಮನ ಮರದ್ದೇ ಮಾಡ್ಬೇಕಂತೆ ಅಂತ ಇವನು ಅಂದಾಗ ನಂಗೂ ಒಂದು ಗಳಿಗೆ ಅನುಮಾನ ಬಂತು, ಅದು ಕೆಟ್ಟದ್ದು ಅಲ್ವಾ ಅಂತ. ಆಮೇಲೆ ಅನ್ಕೊಂಡೆ, ಜೋಪಾನಮ್ಮ ತಾನೇ ತಿನ್ನಬಹುದು ಅಂದ್ಮೇಲೆ ಇನ್ನೇನು ಅನುಮಾನ? ಆ ತಾಯಿ ಹೆಸರು ಹೇಳ್ಕೊಂಡು ತಟ್ಟೆ ಬಳಿದು ತಿಂದೆ."

ಆಕೆ ಮೆಟ್ಟಿಲ ಬಳಿ ಕುಸಿದು ಕೂತಳು. ಸಾವಿರ ಸಲ ಲೇವಡಿ ಮಾಡಿದ ಆ ಹೆದರಿಕೆಯನ್ನೇ ನಂಬಿ ಅತ್ತೆ ತಿಂದಿದ್ದರು. ಅಷ್ಟು ದೊಡ್ಡ ನಂಬಿಕೆ ತನ್ನ ಮೇಲಿದೆ ಎಂದು ಇವಳಿಗೆ ಗೊತ್ತೇ ಇರಲಿಲ್ಲ. ಗೊತ್ತಾಗಬೇಕಾದ ಹೊತ್ತೇ ಇದು?

ಅಳಲು ಪುರುಸೊತ್ತಿರಲಿಲ್ಲ. ಗಂಡನನ್ನು ಅಲುಗಾಡಿಸಿ ಎಬ್ಬಿಸಿದಳು. ಹಿತ್ತಲಿಗೆ ಓಡಿ ನೋಡಿದಳು. ಅತ್ತೆ ಮರದ ಅಣಬೆಗಳು ಹಾಗೇ ಇದ್ದವು, ಆಗಲೇ ಛತ್ರಿ ಬಿಚ್ಚಿಕೊಂಡಿದ್ದವು. ಡ್ರಮ್ಮಿನಾಚೆಯ ತುಂಡಿನಲ್ಲಿ ಗೊಂಚಲು ಬುಡಸಮೇತ ಹೋಗಿತ್ತು. ಕೆಳಗಡೆ, ಕೈಗೆ ಸಿಗದ ಮೂಲೆಯಲ್ಲಿ ನಾಲ್ಕೈದು ಮರಿಗಳು ಮಾತ್ರ ಉಳಿದಿದ್ದವು. ಏನು ತಿಂದಿದ್ದಾರೆಂದು ಆಸ್ಪತ್ರೆಯಲ್ಲಿ ಕೇಳದೇ ಇರುವುದಿಲ್ಲ. ಕಿತ್ತರೆ ಮುದ್ದೆಯಾಗುತ್ತದೆ. ಆಕೆ ಹಿಂದೆಮುಂದೆ ನೋಡದೆ ದಿಮ್ಮಿಯನ್ನೇ ಎತ್ತಿ ತಬ್ಬಿಕೊಂಡು ಹೊರಗೆ ಬಂದಳು.

ಆಟೋದಲ್ಲಿ ಮೂವರೂ ಒತ್ತಿಕೊಂಡು ಕೂತರು. ನಡುವೆ ಆಕೆ, ಒಂದು ಮಗ್ಗುಲಲ್ಲಿ ಅತ್ತೆ, ಮಡಿಲಲ್ಲಿ ಅಮ್ಮನ ಮರ. ಗಂಡನಿಗೆ ಇನ್ನೂ ಪೂರ್ತಿ ಎಚ್ಚರವಾಗಿರಲಿಲ್ಲ, ಆದರೆ ಮುಖ ಬೆಳ್ಳಗಾಗಿತ್ತು.

"ನೀನು ಅತ್ತೆ ಅಂದೆ" ಎಂದ.

"ನನ್ನ ಅತ್ತೆ ಅಂದೆ!"

"ಅತ್ತೆ ಅಂತಷ್ಟೇ ಅಂದೆ. ನನಗೆ ಅತ್ತೆ ಅಂದ್ರೆ ನಿಮ್ಮಮ್ಮ ತಾನೇ? ಅಮ್ಮನ ಮರದ್ದು ಮುಟ್ಟಬೇಡಿ ಅಂದಾಗ, ಸರಿ, ನಮ್ಮಮ್ಮನ ಮರದ್ದಕ್ಕೆ ಏನೋ ಹುಳ ಹಿಡಿದಿರಬೇಕು ಅನ್ಕೊಂಡೆ."

"ಅಷ್ಟು ದಿನದಿಂದ ಹೇಳ್ತಿದೀನಿ, ಆ ತುಂಡು ಕೆಟ್ಟದ್ದು ಅಂತ. ಒಂದು ದಿನವಾದ್ರೂ ಕಿವಿಗೆ ಹಾಕ್ಕೊಂಡಿದ್ರೆ..."

"ಸಾಕು ನಿಲ್ಸಿ" ಎಂದರು ಅತ್ತೆ. "ಜಗಳ ಆಮೇಲೆ ಆಡಿ. ನಿಮ್ಮಿಬ್ಬರ ಅತ್ತೆಯರೂ ಇದೇ ಆಟೋದಲ್ಲಿದೀವಿ, ಕೇಳಿಸ್ಕೊಳ್ತಿದೀವಿ."

ಆಟೋದವನು ನಕ್ಕುಬಿಟ್ಟ. ಉಳಿದವರಲ್ಲಿ ನಕ್ಕವರು ಅತ್ತೆ ಒಬ್ಬರೇ. ಆಸ್ಪತ್ರೆಯ ಬಾಗಿಲಲ್ಲಿ ಕಾವಲಿನವನು "ಸೌದೆ ಒಳಗೆ ಬಿಡಲ್ಲಮ್ಮ" ಎಂದು ಅಡ್ಡ ನಿಂತಾಗ, ದಾರಿಯಲ್ಲಿ ಇರುವೆ ಕಂಡರೂ ಬದಿಗೆ ಸರಿಯುತ್ತಿದ್ದ ಜೋಪಾನಮ್ಮ ಅವನನ್ನು ದಿಮ್ಮಿಯಿಂದಲೇ ಪಕ್ಕಕ್ಕೆ ಸರಿಸಿಕೊಂಡು ಒಳಗೆ ನುಗ್ಗಿದಳು.

ತುರ್ತು ವಿಭಾಗದ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ದಿಮ್ಮಿಯನ್ನು ಕಂಡು ಹುಬ್ಬೇರಿಸಿದರು, ಆದರೆ ನಗಲಿಲ್ಲ. "ಒಳ್ಳೇದು ಮಾಡಿದ್ರಿ ತಂದಿದ್ದು" ಎಂದು ಎಲ್ಲ ದಿಕ್ಕಿನಿಂದಲೂ ಫೋಟೋ ತೆಗೆದು, ಅಣಬೆ ಬಲ್ಲವರೊಬ್ಬರಿಗೆ ಕಳಿಸಿದರು. ಅತ್ತೆಯ ಮೂಗಿಗೆ ನಳಿಕೆ ಇಳಿಸಿ ಹೊಟ್ಟೆ ತೊಳೆದರು, ಇದ್ದಿಲ ಪುಡಿ ಕಲಸಿದ ಕಪ್ಪು ನೀರು ಕುಡಿಸಿದರು, ರಕ್ತ ತೆಗೆದರು. ಅತ್ತೆ ಎಲ್ಲರನ್ನೂ ಬೈದರು. ಬೈಗುಳ ಕೇಳಿ ಜೋಪಾನಮ್ಮನಿಗೆ ಸ್ವಲ್ಪ ಜೀವ ಬಂತು.

"ಹೊಟ್ಟೆನೋವೇನೂ ಇಲ್ವಲ್ಲ ಡಾಕ್ಟ್ರೇ, ಹಾಗಾದ್ರೆ..." ಎಂದಳು.

ಡಾಕ್ಟರಮ್ಮ ಅವಳನ್ನು ಹೊರಗೆ ಕರೆದುಕೊಂಡು ಬಂದರು. "ಇಲ್ಲ ಅಂತ ಧೈರ್ಯ ತಗೋಬೇಡಿ. ಮರದ ಮೇಲೆ ಬರೋ ಇಂಥ ಸಣ್ಣ ಕಂದು ಅಣಬೆಗಳಲ್ಲಿ ಏನೂ ಮಾಡದೇ ಇರೋವೂ ಇವೆ, ತುಂಬಾ ಕೆಟ್ಟವೂ ಇವೆ. ಕೆಟ್ಟವು ಮೊದಲು ಸುಮ್ಮನಿರ್ತವೆ. ಆಮೇಲೆ ಲಿವರಿಗೆ ಹೋಗ್ತವೆ. ನಾಳೆ ಬೆಳಿಗ್ಗೆ ಇನ್ನೊಂದು ಸಲ ರಕ್ತ ನೋಡಿದ್ಮೇಲೆ ಹೇಳ್ತೀನಿ."

ನಾಳೆ ಬೆಳಿಗ್ಗೆ. ಏನೂ ಆಗದಿರುವುದೂ ಹೆದರಿಕೆಯೇ ಆಗಿರುವ ಒಂದು ದಿನ ಬರಬಹುದೆಂದು ಆಕೆ ಎಂದೂ ಊಹಿಸಿರಲಿಲ್ಲ. ಗಂಡ ಹೊರಗಿನ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿದ್ದ. ತಾನೇ ಕಿತ್ತು ತಾನೇ ಹುರಿದ ಕೈಗಳನ್ನು ಅವನು ತೊಡೆಗೆ ಒರೆಸಿಕೊಳ್ಳುತ್ತಲೇ ಇದ್ದ. ಅವನನ್ನು ಬೈಯಬೇಕೆನಿಸಿತು, ಬೈಯಲಾಗಲಿಲ್ಲ. ಅವನ ಪಕ್ಕದಲ್ಲಿ ಗೋಡೆಗೊರಗಿಸಿದ್ದ ದಿಮ್ಮಿಯನ್ನು ನೋಡಿದರೆ ಇನ್ನೂ ಸಂಕಟ. ಅವನು ಪದ ತಪ್ಪಿ ತಿಳಿದ, ಅಷ್ಟೇ. ಕೆಟ್ಟದ್ದೆಂದು ಗೊತ್ತಿದ್ದೂ ಮನೆಯಲ್ಲಿಟ್ಟುಕೊಂಡವಳು ತಾನು. ಅಮ್ಮನ ಮೇಲಿನ ಆಸೆಗೆ ಅತ್ತೆಯ ಪ್ರಾಣ ಒತ್ತೆಯಿಟ್ಟಂತಾಯಿತಲ್ಲ ಎಂದುಕೊಂಡಳು.

ಸಂಜೆಯ ಹೊತ್ತಿಗೆ ವಾರ್ಡಿನಲ್ಲಿ ಹಾಸಿಗೆ ಸಿಕ್ಕಿತು. ಅತ್ತೆ ಪಕ್ಕದ ಹಾಸಿಗೆಯವರ ಕಾಯಿಲೆ ವಿಚಾರಿಸಿದರು, ನರ್ಸಿಗೆ ಮೀನು ಆರಿಸುವುದು ಹೇಗೆಂದು ಪಾಠ ಹೇಳಿದರು. ಆಮೇಲೆ ಸುಮ್ಮನಾದರು. ಕಿಟಕಿಯ ಬೆಳಕು ಗೋಡೆಯಿಂದ ಇಳಿಯುತ್ತಿತ್ತು. ಆಕೆ ಸ್ಟೂಲಿನ ಮೇಲೆ ಕೂತು ಅತ್ತೆಯ ಕಣ್ಣಿನ ಬಿಳಿ ಹಳದಿಯಾಯಿತೇ ಎಂದು ಬಗ್ಗಿ ಬಗ್ಗಿ ನೋಡುತ್ತಿದ್ದಳು.

"ಲೇ."

"ಏನತ್ತೆ? ನೋವಾ?"

"ನೋವಲ್ಲ." ಅತ್ತೆಯ ದನಿ ತಗ್ಗಿತ್ತು. ಆ ದನಿ ಇಷ್ಟು ತಗ್ಗಬಲ್ಲದೆಂದು ಆಕೆಗೆ ಗೊತ್ತಿರಲಿಲ್ಲ. "ಎದೆಯೊಳಗೆ ಏನೋ ಪುಕಪುಕ ಅಂತಿದೆ. ಬಾಯಿ ಒಣಗ್ತಿದೆ. ಕಾಲು ಸುಮ್ಮನೆ ನಡುಗ್ತಿದೆ ನೋಡು. ಇದೇನಾ ಹೆದರಿಕೆ ಅಂದ್ರೆ?"

ಆಕೆ ಹೊದಿಕೆಯ ಕೆಳಗೆ ಕೈಹಾಕಿ ನೋಡಿದಳು. ಕಾಲು ನಿಜವಾಗಿಯೂ ನಡುಗುತ್ತಿತ್ತು.

"ಹೌದತ್ತೆ. ಇದೇ."

"ದರಿದ್ರದ್ದು" ಎಂದರು ಅತ್ತೆ. "ನಿಂಗೆ ದಿನಾ ಹೀಗೇ ಆಗುತ್ತಾ?"

"ದಿನಾ."

"ಮತ್ತೆ ಹೇಗೇ ಇದನ್ನ ಇಟ್ಕೊಂಡು ಅಡುಗೆ ಮಾಡ್ತೀಯ, ಕೆಲಸಕ್ಕೆ ಹೋಗ್ತೀಯ? ನಂಗೆ ಮಲಗೋಕೂ ಆಗ್ತಿಲ್ಲ. ನಂಗೆ ಇದು ಗೊತ್ತಿಲ್ಲ ಕಣೇ. ಹೇಳ್ಕೊಡು."

ಹದಿನೇಳು ವರ್ಷ ಸಂಸಾರ ಮಾಡಿದ ಮನೆಯಲ್ಲಿ ಅತ್ತೆ ಅವಳನ್ನು ಏನನ್ನಾದರೂ ಹೇಳಿಕೊಡು ಎಂದು ಕೇಳಿದ್ದು ಅದೇ ಮೊದಲು. ಆಕೆ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡಳು. ತನ್ನ ಕಾಲೂ ನಡುಗುತ್ತಿದ್ದುದನ್ನು ಅತ್ತೆ ಕಾಣದಂತೆ ಮಂಚದ ಕೋಲಿಗೆ ಒತ್ತಿ ಹಿಡಿದಳು.

"ಮೊದಲು, ಇಲ್ಲ ಇಲ್ಲ ಅಂತ ಅದನ್ನ ಒದೀಬೇಡಿ. ಒದ್ರೆ ಜೋರಾಗುತ್ತೆ. ಬಂದಿದೆ, ಇರ್ಲಿ ಅನ್ನಿ."

"ಬಂದಿದೆ, ಇರ್ಲಿ."

"ಏನು ಹೆದರಿಕೆ ಅಂತ ಬಾಯಿಬಿಟ್ಟು ಹೇಳಿ. ಒಳಗಿದ್ರೆ ಹತ್ತಾಗುತ್ತೆ, ಹೇಳಿದ್ರೆ ಒಂದೇ ಇರುತ್ತೆ."

"ಸಾಯ್ತೀನೇನೋ ಅಂತ" ಎಂದರು ಅತ್ತೆ. "ಕಣ್ಣು ಆಪರೇಷನ್ ಮಾಡಿಸ್ಕೊಳ್ಳದೇನೇ ಸಾಯ್ತೀನೇನೋ ಅಂತ. ನಿಮ್ಮಿಬ್ಬರ ಮುಖ ಈಗ ಮಬ್ಬುಮಬ್ಬಾಗಿ ಕಾಣುತ್ತೆ ಕಣೇ. ಒಂದು ಸಲ ಸರಿಯಾಗಿ ನೋಡ್ದೇ ಹೋಗ್ಬಿಡ್ತೀನಾ ಅಂತ."

ಆಕೆ, "ಈಗ ಕೈಗೊಂದು ಕೆಲಸ ಕೊಡಬೇಕು" ಎಂದು ಹೊದಿಕೆಯ ಅಂಚನ್ನು ಎತ್ತಿ ಅತ್ತೆಯ ಬೆರಳಿಗೆ ಹಿಡಿಸಿದಳು. "ಹೊಲಿಗೆ ಮುಟ್ಟಿ ನೋಡ್ತಾ ಹೋಗಿ. ಕಣ್ಣು ಬೇಡ, ಬೆರಳೇ ಸಾಕು. ಎಲ್ಲಿ ಬಿಟ್ಟಿದೆ, ಹುಡುಕಿ."

ಮೀನಿನ ಮುಳ್ಳಿಗೆ ಪಳಗಿದ ಆ ಒರಟು ಬೆರಳು ಅಂಚಿನ ಗುಂಟ ನಿಧಾನ ಸಾಗಿತು. ಆಕೆ ಇನ್ನೊಂದು ಕೊನೆಯಿಂದ ಶುರುಮಾಡಿದಳು. ಸ್ವಲ್ಪ ಹೊತ್ತಾದ ಮೇಲೆ ಅತ್ತೆ, "ಇಲ್ಲಿ ನೂಲು ಕಿತ್ತಿದೆ" ಎಂದರು. "ಎಷ್ಟು ಕೆಟ್ಟ ಹೊಲಿಗೆಯೇ ಇದು! ಯಾರು ಪಾಸು ಮಾಡಿದ್ರು?" ಕಾಲಿನ ನಡುಕ ಪೂರ್ತಿ ನಿಂತಿರಲಿಲ್ಲ, ಕಡಿಮೆಯಾಗಿತ್ತು.

ರಾತ್ರಿ ಹೇಗೋ ಕಳೆಯಿತು. ಬೆಳಿಗ್ಗೆ ಮತ್ತೆ ರಕ್ತ ತೆಗೆದುಕೊಂಡು ಹೋದರು. ಗಂಡ ಬಾಗಿಲಿಗೂ ಹಾಸಿಗೆಗೂ ಓಡಾಡಿದ. ಅತ್ತೆ ಸೊಸೆಯ ಕೈಯನ್ನು ಬಿಡಲೇ ಇಲ್ಲ. ಇವಳು ಅಲ್ಲಾಡಲಿಲ್ಲ, ಅಳಲಿಲ್ಲ, "ಏನೂ ಆಗಲ್ಲ" ಎಂದು ಸುಳ್ಳು ಹೇಳಲೂ ಇಲ್ಲ. ಕೇಳಿದಾಗಲೆಲ್ಲ "ನಾನಿದೀನಿ" ಎಂದಳು.

ಡಾಕ್ಟರಮ್ಮ ಬಂದರು. ಅವರ ಮುಖ ನೋಡಿಯೇ ಗಂಡನಿಗೆ ಗೊತ್ತಾಯಿತು, ಅವನು ಗೋಡೆಯ ಕಡೆ ತಿರುಗಿ ನಿಂತ. "ಲಿವರಿಗೆ ಏನೂ ಆಗಿಲ್ಲ" ಎಂದರು ಡಾಕ್ಟರಮ್ಮ. "ಅಣಬೆ ಯಾವುದು ಅಂತ ನಾನು ಫೋಟೋ ಕಳಿಸಿದವರೂ ಇನ್ನೂ ಖಚಿತವಾಗಿ ಹೇಳಿಲ್ಲ. ಆದ್ರೆ ಹಾನಿ ಆಗೋದಿದ್ರೆ ಈ ಹೊತ್ತಿಗೆ ರಕ್ತದಲ್ಲಿ ಸುಳಿವು ಸಿಗಬೇಕಿತ್ತು, ಇಲ್ಲ. ನಾಳೆಯವರೆಗೂ ಇಲ್ಲೇ ಇರಲಿ, ಇನ್ನೊಂದು ಸಲ ನೋಡೇ ಕಳಿಸೋಣ. ನೀವಿನ್ನು ಊಟ ಮಾಡಿ ಅಜ್ಜಿ." ಹೊರಡುವ ಮುನ್ನ ಸೊಸೆಯತ್ತ ತಿರುಗಿ, "ಆ ಮರ ಮಾತ್ರ ಮನೆಗೆ ವಾಪಸ್ಸು ಬೇಡ" ಎಂದರು. ಆಕೆ ತಲೆಯಾಡಿಸಿದಳು.

"ಬದುಕಿದೆ ನೋಡೇ" ಎಂದರು ಅತ್ತೆ, ಮಾರುಕಟ್ಟೆಯ ದನಿಯಲ್ಲಿ. ಇಡೀ ವಾರ್ಡು ತಿರುಗಿ ನೋಡಿತು.

ಜೋಪಾನಮ್ಮ ಏನೋ ಹೇಳಲು ಹೋದಳು. ಆಗಲಿಲ್ಲ. ಮೊದಲು ಬೆರಳು ನಡುಗಿತು, ಆಮೇಲೆ ಮೊಣಕೈ, ಆಮೇಲೆ ಹಲ್ಲಿಗೆ ಹಲ್ಲು ಬಡಿಯುವಷ್ಟು ಮೈಯೆಲ್ಲ. ಸ್ಟೂಲು ನೆಲದ ಮೇಲೆ ಕಟಕಟ ಸದ್ದು ಮಾಡಿತು. ಗಂಡ ಗಾಬರಿಯಿಂದ ಡಾಕ್ಟರನ್ನು ಕರೆಯಲು ಹೊರಟ.

"ನೀನು ಸುಮ್ಮನಿರೋ" ಎಂದು ಅತ್ತೆ ಅವನನ್ನು ತಡೆದರು. ಮಂಚದ ಮೇಲೆ ಕಷ್ಟಪಟ್ಟು ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟರು. ಸೊಸೆಯನ್ನು ತೋಳು ಹಿಡಿದು ಎಳೆದು ಮಗ್ಗುಲಲ್ಲಿ ಕೂರಿಸಿಕೊಂಡರು. ಲೇವಡಿ ಮಾಡಲಿಲ್ಲ.

"ಏನು ಹೆದರಿಕೆಯಾಗಿತ್ತು ನಿಂಗೆ? ಹೇಳು" ಎಂದರು.

"ಅಮ್ಮನೂ ಹೋದ್ಲು, ಇನ್ನು ನೀವೂ..." ಎಂದಳು ಆಕೆ. ಅತ್ತೆಯ ಹೆಗಲಿಗೆ ಮುಖ ಒತ್ತಿಕೊಂಡಳು.